ಕಾಡು ಹೋಗಿ ಅರಮನೆ

"ಮಾಲವ್ವ, ಮೇಲೆ ಅರಮನೆ ಬಂತು, ಕೆಳಗೆ ಇನ್ನೂ ಕಾಡೇ ಐತೆ. ನಾನೆಲ್ಲಿ ನಿಂತು ಗರ್ಜಿಸ್ಲಿ?" ಗದೆಯನ್ನು ಹೆಗಲಿಗೊರಗಿಸಿಕೊಂಡು, ರಂಗದ ಹಿಂದಿನ ಎಲ್‌ಇಡಿ ಗೋಡೆಯತ್ತ ಕೈ ತೋರಿಸಿ ಭೀಮನ ಪಾತ್ರದ ಕಲ್ಲೇಶಪ್ಪ ಕೇಳಿದ. ತಾಲೀಮಿಗೆ ಸೇರಿದ್ದ ಸೊಕ್ಕೆ ಊರಿನ ನಾಟಕದವರೆಲ್ಲ ನಕ್ಕರು.

ಸೈಡ್ ವಿಂಗಿನ ಮರೆಯಲ್ಲಿ ಕಂಪ್ಯೂಟರಿನೆದುರು ಕೂತಿದ್ದ ಮಾಲಾ ನಗಲಿಲ್ಲ. ಬೆನ್ನ ಹಿಂದೆ ಅಪ್ಪ ಜಂಪಣ್ಣ ನಿಂತಿದ್ದ. ಜಗಳೂರು ಸೀಮೆಯ ನಾಟಕಗಳಿಗೆಲ್ಲ ಅವನು ಬರೆದ ಪರದೆಗಳೇ ಹೋಗುತ್ತಿದ್ದವು. ಈಗ ಎಲ್ಲರಿಗೂ ಎಲ್‌ಇಡಿ ಗೋಡೆ ಬೇಕು. ಅಪ್ಪನ ಪರದೆಗಳ ಫೋಟೊ ತೆಗೆದು, ಅವನ್ನು ಗೋಡೆಯ ಮೇಲೆ ತೋರಿಸಿ, ಅವುಗಳಲ್ಲಿನ ಕಾರಂಜಿಯನ್ನೂ ಚಿಮ್ಮಿಸುವ ಪ್ರೋಗ್ರಾಮನ್ನು ಮಾಲಾಳೇ ಬರೆದಿದ್ದಳು.

"ಸಂಜೆಯೊಳಗೆ ಸರಿಹೋಗ್ದಿದ್ರೆ ನನ್ನ ಹತ್ರ ರೆಡಿಮೇಡ್ ಅರಮನೆ ಚಿತ್ರ ಅದಾವೆ," ಎಂದ, ಗೋಡೆಯನ್ನು ಬಾಡಿಗೆಗೆ ಕೊಟ್ಟಿದ್ದ ಹೊನ್ನಾಳಿಯ ವಿನಯ್ ಕುಮಾರ್. ನಾಟಕದ ಮೇಷ್ಟ್ರು ತಿಪ್ಪೇಶಪ್ಪ ಹೂಂಗುಟ್ಟಿದರು.

"ನಿಮ್ಮಪ್ಪ ಹಿಂಗೆ ಮಂದಿ ಮುಂದೇನೇ ಅರಮನೆ ಕಟ್ತಿರಲಿಲ್ಲ ಬಿಡು," ಕಲ್ಲೇಶಪ್ಪ ಮತ್ತೆ ಕುಟುಕಿದ. "ಮುಂದೆ ರಸ್ತೆ ಪರದೆ ಇಳಿಬಿಟ್ಟು, ಹಾಸ್ಯದವರನ್ನ ಕುಣಿಯಾಕೆ ಕಳಿಸಿ, ಅದರ ಹಿಂದೆ ಕಟ್ಕೊಳ್ತಿದ್ದ."

ಮಾಲಾ ಹಣೆ ಚಚ್ಚಿಕೊಂಡಳು. ಗೋಡೆ ಓದಿಕೊಳ್ಳುತ್ತಿದ್ದ ಚಿತ್ರದ ಮೇಲೆಯೇ ಹೊಸ ಚಿತ್ರದ ಚುಕ್ಕಿಗಳನ್ನು ಸುರಿಯುತ್ತಿದ್ದಳಲ್ಲ! ಈಗ ಚಿತ್ರ ಹಿಡಿದಿಡಲು ಕಂಪ್ಯೂಟರಿನಲ್ಲಿ ಎರಡು ಬಫರ್ ಇಟ್ಟಳು: ಒಂದು ತೋರುವುದಕ್ಕೆ, ಇನ್ನೊಂದು ಮರೆಯಲ್ಲಿ ಬರೆಯುವುದಕ್ಕೆ. ಬರೆದು ಮುಗಿದ ಮೇಲೆ, ಗೋಡೆ ಒಂದು ಸುತ್ತು ಓದಿ ಉಸಿರು ಬಿಡುವ ಸಂದಿನಲ್ಲಿ ಎರಡೂ ಅದಲುಬದಲು. ಅಲುಗದ ಕಂಬ, ಕಮಾನುಗಳನ್ನು ಮತ್ತೆ ಮತ್ತೆ ಬರೆಯುವ ಗೋಜಿಲ್ಲ. ಕಾರಂಜಿ ಚಿಮ್ಮುವ ಜಾಗವಷ್ಟೇ ಹೊಸದು. ಹಳೇ ಕಂಪ್ಯೂಟರೂ ಅಷ್ಟು ಭಾರ ತಡೆಯುತ್ತಿತ್ತು.

ಹೊತ್ತು ಇಳಿಯುವ ಮುಂಚೆ ಕೀಲಿ ಒತ್ತಿದಳು. ಕಾಡು ಹೋಯಿತು, ಅರಮನೆ ನಿಂತಿತು. ನಡುವೆ ಒಂದು ಗೆರೆಯೂ ಸೀಳಲಿಲ್ಲ. ಅಪ್ಪ ಬರೆದ ನೀಲಿ ಕಾರಂಜಿ ಎಲ್ಲೂ ತಡವರಿಸದೆ ಚಿಮ್ಮತೊಡಗಿತು. ಗರ್ಜಿಸುವುದನ್ನು ಮರೆತು ಕಲ್ಲೇಶಪ್ಪ ಹಿಂದಕ್ಕೆ ತಿರುಗಿ ನೋಡಿದ.

"ಜಂಪಣ್ಣ, ನಿನ್ನ ಪರದೇಲಿ ನೀರು ಹರೀತಿರಲಿಲ್ಲ ಬಿಡಪ್ಪ."

"ಹರೀತಿತ್ತು. ನಿನಗೆ ಕಾಣ್ತಿರಲಿಲ್ಲ," ಎಂದ ಅಪ್ಪ. ಅವನ ಕೈ ಮಗಳ ಹೆಗಲ ಮೇಲೆ ಬಂದು ಕೂತಿತು. ಮಾಲಾ ಬೆನ್ನು ನೆಟ್ಟಗೆ ಮಾಡಿಕೊಂಡಳು.

ವಿನಯ್ ಕುಮಾರ್ ಹತ್ತಿರ ಬಂದ. "ಈ ಪ್ರೋಗ್ರಾಮು ನನಗೆ ಕೊಡ್ರಿ. ಚಿತ್ರ ನನ್ನವೇ ಹಾಕ್ಕೋತೀನಿ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಎಲ್ಲಿ ನಾಟಕ ಆದ್ರೂ ನಡೆಸಾಕೆ ನಿಮ್ಮನ್ನೇ ಕರೀತೀನಿ."

"ಅಪ್ಪನ ಪರದೆ?"

"ಅವು ಯಾಕ್ರೀ ಇನ್ನು?"

"ಕೊಡಲ್ಲ," ಎಂದಳು ಮಾಲಾ.