ಎರಡನೇ ಕೊಳವೆ

“ಎಷ್ಟು? ಇನ್ನೊಂದ್ಸಲ ಹೇಳಿ ಮುದ್ದಕ್ಕ.”

“ನೂರಾ ಹನ್ನೆರಡು ಕಣವ್ವ. ಕನ್ನಡಕ ಹಾಕ್ಕಂಡೇ ನೋಡಿವ್ನಿ.”

ಫೋನಿನ ಆ ತುದಿಯಲ್ಲಿ ಮಾಳವಿಕಾ ಬರೆದುಕೊಂಡಳು. ಮೂರು ತಿಂಗಳಿಂದ ಎರಡನೇ ಕೊಳವೆಯ ನಂಬರು ನಲವತ್ತರ ಆಸುಪಾಸು ಬಿಟ್ಟು ಕದಲಿದ್ದೇ ಇಲ್ಲ. ಈಗ ಒಂದೇ ವಾರದಲ್ಲಿ ಅರವತ್ತು, ಎಂಬತ್ತು, ನೂರಾ ಹನ್ನೆರಡು.

“ಕೊಳವೆ ಹತ್ರ ಏನಾದ್ರೂ ಅಗೆದ್ರಾ? ನೀರು ಗೀರು ಹಾಕಿದ್ರಾ?”

“ಅಯ್ಯೋ, ಇಲ್ಲವ್ವ. ದೇವ್ರ ಗೂಡು ಮಡಗ್ದಂಗೆ ಮಡಗಿವ್ನಿ.”

ಕಕ್ಕಬೆ ಮೇಲಿನ ಆ ಎಸ್ಟೇಟಿನ ಕೂಲಿಯವರ ಹಳೇ ಲೈನ್‌ನಲ್ಲಿ ಸಾಲಾಗಿ ಎಂಟು ಮನೆ. ಎರಡು ಮಳೆಗಾಲದ ಹಿಂದೆ ಕೆಳಗಿನ ಇಳಿಜಾರು ಬಿರುಕು ಬಿಟ್ಟಾಗ ಏಳು ಮನೆಯವರು ಗಂಟುಮೂಟೆ ಕಟ್ಟಿ ಪಿರಿಯಾಪಟ್ಟಣದ ಕಡೆ ಹೊರಟುಹೋದರು. ಮುದ್ದಿಯ ಗಂಡ ಜವರ ಅದಕ್ಕೂ ಮುಂಚೆಯೇ ತೀರಿಕೊಂಡಿದ್ದ. ಕೊಟ್ಟಿಗೆಯ ನಾಲ್ಕು ಹಸುಗಳನ್ನು ನೋಡಿಕೊಂಡು ಮುದ್ದಿ ಒಬ್ಬಳೇ ಉಳಿದಳು. ಗುಡ್ಡದ ಬುಡದ ಹೊಸ ಲೈನ್‌ಗೆ ಕಾಫಿ ಪಿಕಿಂಗ್‌ಗೆಂದು ಅಸ್ಸಾಮಿನವರು ಬಂದಿದ್ದರು. ಎದುರಾದರೆ ಅವರು ನಗುತ್ತಿದ್ದರು, ಇವಳೂ ನಗುತ್ತಿದ್ದಳು. ಮುಂದಕ್ಕೆ ಎರಡೂ ಕಡೆ ಮಾತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಮಾಳವಿಕಾ ದೂರದ ಲ್ಯಾಬಿನಿಂದ ಬಂದು ಮೂರು ಕಬ್ಬಿಣದ ಕೊಳವೆ ಹೂಳಿಸಿದ್ದಳು. ಎರಡನೆಯದು ಮುದ್ದಿಯ ಅಂಗಳದ ಅಂಚಿನಲ್ಲೇ. ಎರಡು ದಿನ ಅವಳ ಮನೆಯಲ್ಲೇ ಕಡುಬು ತಿಂದುಕೊಂಡಿದ್ದು, ಕೈಗೆ ಕೊಳವೆಯ ಗಾಳಿ ಅಳೆಯುವ ಹಳದಿ ಡಬ್ಬಿ ಕೊಟ್ಟು, ಗುಂಡಿ ಒತ್ತಿ ನಂಬರು ಓದುವುದನ್ನು ಕಲಿಸಿದ್ದಳು. “ಒಳಗೆ ಬಂಡೆ ಒಡೆದು ಒಂದು ಮಗ್ಗುಲು ಜಾರಿದೆ, ಮುದ್ದಕ್ಕ. ಸೀಳಿನಲ್ಲಿ ಜೇಡಿಮಣ್ಣು ತುಂಬಿಕೊಂಡಿದ್ರೆ ಕಲ್ಲಿನೊಳಗಿನ ಗಾಳಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಸೀಳು ಬಾಯಿಬಿಟ್ರೆ ಸೋರಿ ಮೇಲೆ ಬರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಂಬರೇ ಅದರ ಗುರುತು. ನಂಬರು ಏರಿದ್ರೆ ಗುಡ್ಡ ಮತ್ತೆ ಜಾರಬಹುದು ಅಂತ ಅರ್ಥ.”

ಅಂದಿನಿಂದ ದಿನಾ ಬೆಳಿಗ್ಗೆ ಏಳಕ್ಕೆ, ಸಿಗ್ನಲ್ ಸಿಗುವ ಬಂಡೆಯ ಮೇಲೆ ನಿಂತು ಮುದ್ದಿ ಮೂರು ನಂಬರು ಹೇಳುವಳು. ಅದು ಮುಗಿಯಲು ಅರೆನಿಮಿಷ. ಆಮೇಲೆ “ತಿಂಡಿ ಏನು?” ಎಂದು ಮಾಳವಿಕಾ ಕೇಳಿದರೆ ಹಸುವಿನ ಮುನಿಸು, ಕಾಡುಹಂದಿಯ ಕಾಟ, ಜವರನ ಕಾಲದ ಕಥೆ ಎಲ್ಲ ಸೇರಿ ಹತ್ತು ನಿಮಿಷ. ಹದಿನೈದು ದಿನದ ಹಿಂದೆ ಮಾಳವಿಕಾ ಹೇಳಿದ್ದಳು: “ನಂಬರು ಬದಲಾಗ್ತಾನೇ ಇಲ್ಲ ಅಕ್ಕ. ತಿಂಗಳ ಕೊನೆಗೆ ಈ ಕೆಲಸ ಮುಗಿಸಿಬಿಡ್ತಾರೆ. ಆದ್ರೆ ಒಂದ್ಸಲ ಬಂದು ಹೇಳಿಹೋಗ್ತೀನಿ.”

ಅದಾಗಿ ವಾರಕ್ಕೆ, ಬರುವವಳಿಗೆಂದೇ ಮುದ್ದಿ ಅಂಗಳ ಕೆರೆದು ಸಗಣಿ ಸಾರಿಸಿದ್ದಳು. ಕೊಳವೆಯ ಸುತ್ತ ಎರಡು ಪಟ್ಟು ದಪ್ಪಕ್ಕೆ ಮೆತ್ತಿ, ನುಣ್ಣಗೆ ಒರೆಸಿ, ರಂಗೋಲಿ ಬಿಟ್ಟಿದ್ದಳು.

ಈಗ ಫೋನು ದಿನಕ್ಕೆರಡು ಸಲ. “ಸೋಮವಾರ ಲ್ಯಾಬಿನ ಸರ್ ಜೊತೆ ಬರ್ತೀನಿ. ನಾಲ್ಕು ದಿನ ಇರ್ತೀನಿ, ನಿಮ್ಮನೇಲೇ,” ಎಂದಳು ಮಾಳವಿಕಾ.

ಶನಿವಾರ ಮಧ್ಯಾಹ್ನ ಮುದ್ದಿ ಕೈ ಪಳಗಲೆಂದು ಕಡುಬಿಗಿಟ್ಟಳು. ಪಾತ್ರೆಯ ಸಂದಿನಲ್ಲಿ ಹಬೆ ಸುಯ್ಯೆಂದು ಸೋರುತ್ತಿತ್ತು. ಒಂದು ಚಿಟಿಕೆ ಹಿಟ್ಟು ಕಲಸಿ ಸಂದಿಗೆ ಮೆತ್ತಿದಳು. ಸುಯ್ ಎನ್ನುವುದು ನಿಂತಿತು. ಸ್ವಲ್ಪ ಹೊತ್ತಿಗೆ ಮುಚ್ಚಳ ತಟತಟ ಕುಣಿಯತೊಡಗಿತು. ಹಿಟ್ಟಿನ ಕೈಯಲ್ಲೇ ಅವಳು ಬಾಗಿಲಾಚೆ ನೋಡಿದಳು. ಒಣಗಿದ ಸಗಣಿಯ ನಡುವೆ ಎರಡನೇ ಕೊಳವೆ. ಒಂದನೆಯದೂ ಮೂರನೆಯದೂ ಕಾಫಿ ಗಿಡದ ಕೆಳಗಿದ್ದವು, ಅಲ್ಲಿ ಅವಳು ಸಾರಿಸಿರಲಿಲ್ಲ. ಅವುಗಳ ನಂಬರು ಏರಿಯೂ ಇರಲಿಲ್ಲ.

ಕುಡುಗೋಲಿನ ತುದಿಯಿಂದ ಕೊಳವೆಯ ಬುಡದ ಅಂಗೈಯಗಲದ ಸಗಣಿ ಎಬ್ಬಿಸಿ ಬಂದು ಕೂತಳು.

ಸಂಜೆ ಬಂಡೆಯ ಮೇಲಿದ್ದಾಗ ಫೋನು ಬಂತು. “ಎಲ್ಲ ಹಂಗೇ ಅದೆ ಕಣವ್ವ,” ಎಂದಳು.

ಕತ್ತಲಾಗುವ ಮುಂಚೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಲೋಕೇಶ್ ಜೀಪು ನಿಲ್ಲಿಸಿದ. “ಏನ್ ಮುದ್ದಕ್ಕ, ಭೂಮ್ತಾಯಿ ನಿನ್ ಕಿವೀಲೇ ಹೇಳೋದಂತೆ? ನಮ್ಗೂ ಸ್ವಲ್ಪ ಹೇಳು. ನಂಬರು ಏರ್ತಿದೆ ಅಂತ ನಾಳಿದ್ದು ಕೆಳಗಿನ ಲೈನ್ ಪೂರ್ತಿ ಖಾಲಿ ಮಾಡಿಸ್ಬೇಕು. ನಾಪೋಕ್ಲಲ್ಲಿ ಒಂದು ಶೆಡ್ ನೋಡಿದೀನಿ.”

“ಅಷ್ಟೂ ಜನಾನಾ?”

“ಬಾಣಂತಿ ಒಬ್ಬಳಿದಾಳೆ. ಅವಳದೇ ಯೋಚನೆ.”

ಅವನು ಹೋದ ಮೇಲೆ ಮುದ್ದಿ ದಿಣ್ಣೆಯಿಂದ ಇಣುಕಿದಳು. ಹೊಸ ಲೈನ್‌ನ ಅಂಗಳದಲ್ಲಿ ಹೆಂಗಸರು ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದರು. ಒಬ್ಬಳು ತಲೆಯೆತ್ತಿ ಇವಳನ್ನು ಕಂಡು ಎಂದಿನಂತೆ ನಕ್ಕಳು.

ಭಾನುವಾರ ಬೆಳಿಗ್ಗೆ ಡಬ್ಬಿ ಎಪ್ಪತ್ತು ತೋರಿಸಿತು. ಬಂಡೆಯ ಮೇಲೆ ಹೋಗುತ್ತಲೇ ಫೋನು ಹೊಡೆದುಕೊಂಡಿತು.

“ಅವ್ವ, ಗುಡ್ಡ ಏನೂ ಮಾಡಿಲ್ಲ. ನಾನೇ ಮಾಡಿದ್ದು. ಸಗಣಿ ಮೆತ್ತಿ ಗಾಳಿ ದಾರಿ ಕಟ್ಟಿವ್ನಿ, ಅದು ಕೊಳವೇಲೇ ನುಗ್ತಾ ಅದೆ.” ಸಾರಿಸಿದ್ದು, ಹಿಟ್ಟು ಮೆತ್ತಿದ್ದು, ಎಪ್ಪತ್ತಕ್ಕಿಳಿದದ್ದು ಎಲ್ಲ ಒಂದೇ ಉಸಿರಿಗೆ ಹೇಳಿದಳು.

“ಯಾವಾಗ ಗೊತ್ತಾಯ್ತು?”

“ನೆನ್ನೆ ಮಧ್ಯಾನ.”

“ಸಂಜೆ ನಾನು ಫೋನ್ ಮಾಡಿದ್ನಲ್ಲ ಮುದ್ದಕ್ಕ?”

“ಹೂಂ.”

“ಮತ್ತೆ ಯಾಕೆ ಹೇಳ್ಲಿಲ್ಲ?”

ಮುದ್ದಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. “ಬತ್ತೀನಿ ಅಂದಿದ್ದೆಯಲ್ಲವ್ವ.”

“ಸಗಣಿ ಪೂರ್ತಿ ತೆಗೆದುಬಿಡಿ. ನಾಲ್ಕು ದಿನ ನೋಡೋಣ. ಜನರನ್ನ ಕಳಿಸೋದು ಬೇಡ ಅಂತ ನಾನೇ ಹೇಳ್ತೀನಿ,” ಎಂದಳು ಮಾಳವಿಕಾ. ತಿಂಡಿ ಏನು ಎಂದು ಕೇಳಲಿಲ್ಲ.

ನಾಲ್ಕನೇ ದಿನ ನಲವತ್ತೊಂದು. ಸೋಮವಾರ ಬರಬೇಕಿದ್ದವರು ಬಂದಿರಲಿಲ್ಲ. ತಿಂಗಳ ಕೊನೆಗೆ ಲೋಕೇಶ್ ಹಳದಿ ಡಬ್ಬಿಯನ್ನು ಜೀಪಿಗೆ ಹಾಕಿಕೊಂಡ. ಕೊಳವೆ ಕೀಳಲು ನೋಡಿದ, ಅಲುಗಾಡಲಿಲ್ಲ. “ಇರ್ಲಿ ಬಿಡಕ್ಕ, ಹಸು ಕಟ್ಟೋಕಾಗುತ್ತೆ,” ಎಂದು ಹೊರಟುಹೋದ.

ಶುಕ್ರವಾರ ಬೆಳಿಗ್ಗೆ ಮುದ್ದಿ ಅಂಗಳ ಸಾರಿಸಿದಳು. ಮನೆಯ ಬಾಗಿಲಿಂದ ಶುರುಮಾಡಿ, ಕೈಯನ್ನು ಅರ್ಧಚಂದ್ರದಂತೆ ಬೀಸುತ್ತ, ಹಿಂದೆ ಹಿಂದೆ ಸರಿಯುತ್ತ ಕೊಳವೆಯವರೆಗೆ ಬಂದಳು. ಅಲ್ಲಿ ಕೈ ತಡೆಯಿತು. ಸುತ್ತ ಒಂದು ಗೇಣು ಮಣ್ಣನ್ನು ಬರಿದಾಗಿಯೇ ಬಿಟ್ಟು, ಅದನ್ನು ಬಳಸಿಕೊಂಡು ಉಳಿದ ಅಂಗಳ ಮುಗಿಸಿದಳು. ಆಮೇಲೆ ಕೈ ತೊಳೆದು, ಫೋನು ಹಿಡಿದು, ಏಳಕ್ಕೆ ಮುಂಚೆ ಬಂಡೆಯ ಮೇಲೆ ಹೋಗಿ ನಿಂತಳು.