ಸೊಟ್ಟಮ್ಮ ಹಾರಿದ ಭಾನುವಾರ

ಹಲ್ಲಿನ ಸೆಟ್ಟು ಮಾಡುವುದು ಸೊಸೆಯ ಕಸುಬು. ದಂತವೈದ್ಯರು ಕಳಿಸುವ ಅಚ್ಚುಗಳು ಲ್ಯಾಬಿನ ಮೇಜಿನ ಮೇಲೆ ಸಾಲಾಗಿ ಬಾಯಿ ತೆರೆದು ಕೂತಿರುತ್ತಿದ್ದವು. ಬೆಳಗಿನಿಂದ ಸಂಜೆಯವರೆಗೆ ಗುಲಾಬಿ ಮೇಣ ಕಾಯಿಸಿ, ಹಲ್ಲು ಕೂರಿಸಿ, ಎಡಕ್ಕೆ ತಕ್ಕ ಬಲ, ಬಲಕ್ಕೆ ತಕ್ಕ ಎಡ ಎಂದು ಹೊಂದಿಸುವುದೇ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಸೆಟ್ಟು ವಾಪಸ್ಸು. ಹಾಗೆ ಮುನಿಸಿಕೊಂಡು ಬಂದ ಹಲ್ಲುಗಳನ್ನು ಅವಳು ಬೈಯದೆ, ಗೊಣಗದೆ, ತವರಿಗೆ ಬಂದ ಮಗಳನ್ನು ಸಮಾಧಾನ ಮಾಡುವ ಹಾಗೆ ಉಜ್ಜಿ, ನಯ ಮಾಡಿ ಮತ್ತೆ ಕಳಿಸುತ್ತಿದ್ದಳು.

ಅದಕ್ಕೇ ಇರಬೇಕು, ಮನೆಗೆ ಬಂದು ಮುಖ ತೊಳೆದು ಬಾಲ್ಕನಿಯ ಪುಟ್ಟ ಮೇಜಿಗೆ ಕೂತಳೆಂದರೆ ಅವಳ ಕೈ ಸೊಟ್ಟ ಸೊಟ್ಟ ವಿಮಾನಗಳನ್ನೇ ಬರೆಯುತ್ತಿತ್ತು. ಯಾರೂ ಕಟ್ಟದ, ಯಾರೂ ಕಟ್ಟುವುದೂ ಇಲ್ಲದ ವಿಮಾನಗಳು. ಒಂದಕ್ಕೆ ಎಂಜಿನ್ನು ಎಡಗಡೆ ಮಾತ್ರ. ಇನ್ನೊಂದಕ್ಕೆ ರೆಕ್ಕೆಯಿಂದ ಹಿಂದಕ್ಕೆ ಚಾಚಿದ ಎರಡು ಉದ್ದನೆಯ ತೋಳು, ಆ ತೋಳುಗಳ ತುದಿಯನ್ನು ಕೂಡಿಸುವ ಒಂದೇ ಬಾಲ. ಪ್ರತಿಯೊಂದಕ್ಕೂ ಒಂದೊಂದು ಕಥೆ ಇತ್ತು. ಪಿಯಾನೊ ಸಾಗಿಸುವ ವಿಮಾನವೊಂದಿತ್ತು. ಪಿಯಾನೊ ಒಂದು ಪಕ್ಕಕ್ಕೆ, ಚಾಲಕ ಇನ್ನೊಂದು ಪಕ್ಕಕ್ಕೆ. ಖಾಲಿಯಾದರೆ ಅದು ಮೇಲೇಳುತ್ತಿರಲಿಲ್ಲವಾದ್ದರಿಂದ ಹಿಂದಿರುಗುವಾಗ ಎಲ್ಲಿಂದಾದರೂ ಇನ್ನೊಂದು ಪಿಯಾನೊ ಹುಡುಕಬೇಕಿತ್ತು. ಕಡಲ ದೀಪಸ್ತಂಭ ಕಾಯುವವರ ಹೆಂಡತಿಯರು ಒಬ್ಬರ ಮನೆಗೊಬ್ಬರು ಹೋಗಿ ಬರಲು ಒಂದು ಪುಟಾಣಿ ವಿಮಾನವೂ ಇತ್ತು.

ನಲವತ್ತೇಳು ದಾಟಿದ ಹೆಂಗಸಿಗೆ ಇದೇನು ಹುಚ್ಚು ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಉತ್ತರ ಅವಳಲ್ಲಿತ್ತು. ಹಲ್ಲು, ಅಡುಗೆ, ಮಗಳು ಚಿಕ್ಕವಳಿದ್ದಾಗ ಅವಳ ಶಾಲೆಯ ನಾಟಕಕ್ಕೆ ಹೊಲಿದ ಉಡುಪು, ಹೀಗೆ ಅವಳು ಬದುಕಿನಲ್ಲಿ ಮಾಡಿದ್ದೆಲ್ಲ ಯಾರೋ ಕೇಳಿದ್ದು, ಯಾರದೋ ಅಳತೆಗೆ ತಕ್ಕದ್ದು. ವಿಮಾನವನ್ನು ಮಾತ್ರ ಯಾರೂ ಕೇಳಿರಲಿಲ್ಲ. ಅದೇ ಅದರ ರುಚಿ.

ಅತ್ತೆ ಬಂದು ಸೇರಿಕೊಂಡ ಮೇಲೆ ಈ ರುಚಿಗೆ ಸ್ವಲ್ಪ ಹುಳಿ ಬಿತ್ತು. ಅತ್ತೆಯದು ಕೋಟು ಹೊಲಿಯುವ ಅಂಗಡಿ. ಜೀವಮಾನವೆಲ್ಲ ಹೊಲಿದು, ಮಂಡಿ ಮಾತು ಕೇಳದಾದಾಗ ಅಂಗಡಿ ಮುಚ್ಚಿ ಮಗನ ಮನೆಗೆ ಬಂದಿದ್ದರು. ಜೊತೆಗೆ ಬಂದದ್ದು ಅವರ ಹೊಲಿಗೆ ಮಷೀನು. ಅದು ಹಾಲ್‌ನ ಮೂಲೆಯಲ್ಲಿ ಹಳೇ ಹೊದಿಕೆ ಹೊದ್ದು, ಹೇಳದೆ ಕೇಳದೆ ಬಂದ ನೆಂಟರ ಹಾಗೆ ಕೂತಿತ್ತು. ಹಾಲ್‌ನಲ್ಲಿ ಬೆಳಕಿರಲಿಲ್ಲ. ಮನೆಯಲ್ಲಿ ಒಳ್ಳೆಯ ಬೆಳಕು ಇದ್ದದ್ದು ಒಂದೇ ಜಾಗದಲ್ಲಿ, ಸೊಸೆಯ ಬಾಲ್ಕನಿಯಲ್ಲಿ.

"ಇಲ್ಲಿ ಸೂಜಿಕಣ್ಣು ಕಾಣಲ್ಲ ನಂಗೆ," ಎಂದರು ಅತ್ತೆ ಒಂದು ದಿನ. "ನಿನ್ನ ವಿಮಾನಕ್ಕೇನು ಬೆಳಕು ಬೇಕು? ಕತ್ತಲಲ್ಲೂ ಹಾರತ್ತೆ. ಇಲ್ಲದ ವಿಮಾನ ತಾನೇ?"

ಸೊಸೆಗೆ ನಗುವೂ ಬಂತು, ಚುರುಕ್ಕೂ ಅಂದಿತು. ಗಂಡನ ಕಡೆ ನೋಡಿದಳು. ಅವನು ಲಿಫ್ಟ್ ರಿಪೇರಿಯವನು. ತಾಯಿ ಹೆಂಡತಿ ಎದುರುಬದುರಾದಾಗಲೆಲ್ಲ ಕೆಟ್ಟ ಲಿಫ್ಟಿನ ಹಾಗೆ ಎರಡು ಮಹಡಿಗಳ ನಡುವೆ ನಿಂತುಬಿಡುತ್ತಿದ್ದ. ಈಗಲೂ ಹಾಗೇ ನಿಂತ.

"ಇದೆ ಅತ್ತೆ. ಬೇಕಾದ್ರೆ ಹಾರಿಸಿ ತೋರಿಸ್ತೀನಿ," ಎಂದಳು. ಬಾಯಿಂದ ಮಾತು ಬಿದ್ದ ಮೇಲೆ ಅವಳಿಗೇ ಗಾಬರಿಯಾಯಿತು. ಅಷ್ಟು ವರ್ಷ ಬರೆದಿದ್ದರೂ ಒಂದನ್ನೂ ಹಾರಿಸಿದವಳಲ್ಲ.

ಅತ್ತೆ ಬಿಡುತ್ತಾರೆಯೇ? ಅಲ್ಲೇ ಪಂದ್ಯ ಕಟ್ಟಿದರು. ಬರುವ ಭಾನುವಾರ ಬೆಳಿಗ್ಗೆ ಮೂರನೇ ಮಹಡಿಯ ಈ ಬಾಲ್ಕನಿಯಿಂದ ಬಿಟ್ಟ ವಿಮಾನ ಅಂಗಳ ದಾಟಿ ಆಚೆಯ ನೀರಿನ ಟ್ಯಾಂಕು ಮುಟ್ಟಿದರೆ ಬಾಲ್ಕನಿ ಸೊಸೆಯದೇ, ಅತ್ತೆ ಇನ್ನು ಆ ವಿಷಯಕ್ಕೆ ಬಾಯಿ ಬಿಡುವುದಿಲ್ಲ. ಬಿದ್ದರೆ ಮಷೀನು ಬಾಲ್ಕನಿಗೆ, ಮೇಜು ಹಾಲ್‌ಗೆ.

ತನಗೆ ತುಂಬಾ ಇಷ್ಟವಾದದ್ದನ್ನೇ ಸೊಸೆ ಆರಿಸಿಕೊಂಡಳು. ಉಪ್ಪಿನ ಸರೋವರದ ಮೇಲೆ ಅಂಚೆ ಹೊತ್ತು ಹಾರುವ ವಿಮಾನ ಅದು. ಹಿಂದಕ್ಕೆ ಎರಡು ತೋಳು, ಎಡತೋಳಿನ ಮೂತಿಯಲ್ಲಿ ಎಂಜಿನ್ನು. ಚಾಲಕಿಯ ಕೋಣೆ ಮಾತ್ರ ಎಲ್ಲದರಿಂದ ದೂರ, ಬಲಗಡೆಯ ರೆಕ್ಕೆಯ ಮೇಲೆ ಒಂಟಿಯಾಗಿ. ಎಂಜಿನ್ನಿನ ಗಲಾಟೆ ಕಿವಿಗೆ ಬೀಳಬಾರದು, ಕೆಳಗಿನ ಸರೋವರ ಮರೆಯಾಗದೆ ಕಾಣಬೇಕು ಎಂಬುದು ಆ ಚಾಲಕಿಯ ಹಟ. ಆ ಹಟ ಎಲ್ಲಿಂದ ಬಂತೆಂದು ಸೊಸೆಗೆ ಗೊತ್ತಿತ್ತು, ಆದರೆ ಅದನ್ನು ಯಾರಿಗೂ ಹೇಳಿರಲಿಲ್ಲ.

ತೆಳು ಬೆಂಡು ಕೊಯ್ದು ರೆಕ್ಕೆ ಮಾಡಿದಳು, ಬಿದಿರುಕಡ್ಡಿ ಹೆರೆದು ತೋಳು ಮಾಡಿದಳು. ಲ್ಯಾಬಿನಿಂದ ತಂದ ಚೂರು ಮೇಣದಲ್ಲಿ ಎಂಜಿನ್ನು ಮಾಡಿ, ಚಾಲಕಿಯನ್ನೂ ಮಾಡಿ ಕೋಣೆಯಲ್ಲಿ ಕೂರಿಸಿದಳು. ವಸಡಿನ ಬಣ್ಣದ ಆ ಹೆಂಗಸನ್ನು ನೋಡಿ ಗಂಡ, ಇವಳಿಗೆ ಬಿಸಿಲು ಜಾಸ್ತಿ ಬಡಿದಿದೆ ಎಂದು ತಮಾಷೆ ಮಾಡಿದ. ಅತ್ತೆ ಕನ್ನಡಕ ಏರಿಸಿ ಒಂದು ಸುತ್ತು ನೋಡಿ, "ಓಹೋ, ಸೊಟ್ಟಮ್ಮ," ಎಂದು ಹೆಸರಿಟ್ಟರು. ಆ ಹೆಸರೇ ನಿಂತುಬಿಟ್ಟಿತು.

ಶನಿವಾರ ಸಂಜೆ ಮೆಟ್ಟಿಲ ಬಳಿಯ ಉದ್ದನೆಯ ಕಾರಿಡಾರಿನಲ್ಲಿ ಪರೀಕ್ಷೆ ನಡೆಯಿತು. ಸೊಸೆ ವಿಮಾನವನ್ನು ತಲೆಯ ಮಟ್ಟಕ್ಕೆ ಎತ್ತಿ ಬಿಟ್ಟಳು. ಸೊಟ್ಟಮ್ಮ ಒಂದು ಗಳಿಗೆ ಗಾಳಿಯಲ್ಲಿ ನಿಂತ ಹಾಗೆ ಮಾಡಿ, ಬಲಕ್ಕೆ ವಾಲಿ, ಪಕ್ಕದ ಮನೆಯವರ ಚಪ್ಪಲಿಗಳ ಮೇಲೆ ಬೋರಲು ಬಿದ್ದಳು. ಎಡರೆಕ್ಕೆಯ ತುದಿಗೆ ಚೂರು ಮೇಣ ಅಂಟಿಸಿ ಮತ್ತೆ ಬಿಟ್ಟರೆ ಮತ್ತೆ ಚಪ್ಪಲಿ. ಇನ್ನಷ್ಟು ಮೇಣ ಹಚ್ಚಿದಳು. ಈ ಸಲ ವಾಲಲಿಲ್ಲ, ಆದರೆ ಹಾರಲೂ ಇಲ್ಲ. ಕೈಜಾರಿದ ತಟ್ಟೆಯ ಹಾಗೆ ನೆಟ್ಟಗೆ ನೆಲಕ್ಕೆ ಬಿದ್ದಳು.

ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಅತ್ತೆ ಗುಂಡಿ ಹಚ್ಚುವ ನೆಪದಲ್ಲಿ ಎಲ್ಲ ನೋಡುತ್ತಿದ್ದರು. ಗೆಲ್ಲುತ್ತಿದ್ದವರು ಅವರು. ಸುಮ್ಮನೆ ಕೂತಿದ್ದರೆ ಮರುದಿನ ಹೊತ್ತಿಗೆ ಬೆಳಕು ಅವರದಾಗುತ್ತಿತ್ತು. ಆದರೆ ಸೊಟ್ಟಮ್ಮ ಬಲಕ್ಕೆ ವಾಲಿದಾಗಲೆಲ್ಲ ಅವರ ಬಲಭುಜವೂ ತಾನಾಗಿ ಮೇಲಕ್ಕೆ ಏಳುತ್ತಿತ್ತು. ಕಡೆಗೆ ತಡೆಯಲಾರದೆ ಗುಂಡಿ ಕೆಳಗಿಟ್ಟು ಎದ್ದು ಬಂದರು.

"ಕೊಡು ಇಲ್ಲಿ. ನೋಡಕ್ಕಾಗ್ತಿಲ್ಲ ನಂಗೆ."

ವಿಮಾನವನ್ನು ಅಂಗೈ ಮೇಲೆ ಇಟ್ಟುಕೊಂಡು, ಗಿರಾಕಿಯನ್ನು ಕನ್ನಡಿ ಮುಂದೆ ನಿಲ್ಲಿಸಿದವರ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇವಳಿಗೆ ಬಲಗಡೆ ಭುಜ ಇಳಿದಿದೆ. ನೀನೇನು ಮಾಡ್ತಿದೀಯ? ನೆಟ್ಟಗಿರೋ ಭುಜದ ಮೇಲೆ ಮೂಟೆ ಹೇರ್ತಿದೀಯ. ಎರಡೂ ಕುಸೀದೆ ಇನ್ನೇನು? ಇಳಿದಿರೋದನ್ನ ಎತ್ತಬೇಕು ಕಣೇ."

"ಹೇಗೆ ಎತ್ತೋದು ಅತ್ತೆ?"

"ಆ ಕಡೆ ಬಟ್ಟೆ ಜಾಸ್ತಿ ಬಿಡು. ಎರಡೂ ರೆಕ್ಕೆ ಒಂದೇ ಅಳತೆಗೆ ಯಾಕೆ ಕೊಯ್ದೆ? ಕೋಟಿನ ಮೈಯೆಲ್ಲ ಸೊಟ್ಟ ಮಾಡಿ ತೋಳು ಮಾತ್ರ ಜೋಡಿ ಹೊಲಿದರೆ ಕೂರತ್ತಾ?"

ಸೊಸೆ ವಿಮಾನವನ್ನೇ ನೋಡುತ್ತ ನಿಂತಳು. ನಿಜ. ಎಂಜಿನ್ನು ಓರೆ, ಕೋಣೆ ಓರೆ, ಎಲ್ಲ ಓರೆ. ರೆಕ್ಕೆಗಳು ಮಾತ್ರ ಎಡಕ್ಕೆ ತಕ್ಕ ಬಲ. ಕೊಯ್ಯುವಾಗ ಒಂದರ ಮೇಲೊಂದು ಇಟ್ಟು, ಅಂಚು ಉಜ್ಜಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಸರಿಮಾಡಿದ್ದು ಅವಳ ಕೈ. ಯಾರೂ ಕೇಳದ್ದನ್ನು ಮಾಡುತ್ತಿದ್ದೇನೆ ಎಂದುಕೊಂಡ ಹೊತ್ತಲ್ಲೂ ಕೈ ತನ್ನ ಪಾಡಿಗೆ ಹಲ್ಲಿನ ಸೆಟ್ಟು ಮಾಡುತ್ತಿತ್ತು. ಅವಳಿಗೆ ನಗು ಒತ್ತರಿಸಿ ಬಂತು. ಏನೆಂದು ಅತ್ತೆ ಕೇಳಿದಾಗ ಹೇಳಿದಳು. ಅತ್ತೆಯೂ ನಕ್ಕರು. ಆಮೇಲೆ ತಾನು ಏನು ಮಾಡಿಬಿಟ್ಟೆನೆಂದು ಹೊಳೆದು, ಮುಖ ಗಂಟಿಕ್ಕಿಕೊಂಡು ಒಳಗೆ ಹೋದರು.

ಭಾನುವಾರ ಬೆಳಗಿನ ಬಿಸಿಲು ಎಳೆಯದಾಗಿತ್ತು. ಅಂಗಳದಲ್ಲಿ ಸೈಕಲ್ಲುಗಳ ಸಾಲು, ಹಗ್ಗದ ಮೇಲೆ ಯಾರದೋ ಹಾಸುಬಟ್ಟೆ. ಕೆಳಮನೆಯಲ್ಲಿರುವ, ಕಾರು ಕಲಿಸುವ ಹೆಂಗಸು ಕಾಫಿ ಲೋಟ ಹಿಡಿದು ಅಂಗಳಕ್ಕೆ ಬಂದವಳು ತಲೆ ಎತ್ತಿ, ಬ್ರೇಕ್ ಇದೆಯಾ ಎಂದು ಕೂಗಿದಳು. ಗಂಡ ಬಾಲ್ಕನಿಯ ಬಾಗಿಲಲ್ಲಿ, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ನಿಂತಿದ್ದ. ಅತ್ತೆ ಸೊಸೆಯ ಪಕ್ಕದಲ್ಲೇ ಇದ್ದರು.

ಸೊಟ್ಟಮ್ಮನ ಬಲರೆಕ್ಕೆ ಈಗ ಎಡದ್ದಕ್ಕಿಂತ ಕೈಬೆರಳಿನಷ್ಟು ಉದ್ದ. ಹಚ್ಚಿದ್ದ ಮೇಣವನ್ನೆಲ್ಲ ಸೊಸೆ ಕಿತ್ತು ತೆಗೆದಿದ್ದಳು. ನೋಡಿದರೆ ಇದು ಹಾರುತ್ತದೆಂದು ಯಾರೂ ನಂಬುವ ಹಾಗಿರಲಿಲ್ಲ. ಸೊಸೆ ಬಾಲ್ಕನಿಯ ಕಂಬಿಯಾಚೆ ಕೈ ಚಾಚಿದಳು. ಬಿಟ್ಟಳು.

ಬಲಕ್ಕೆ ವಾಲುತ್ತಾಳೆಂದು ಎಲ್ಲರೂ ಕಾದರು. ಸೊಟ್ಟಮ್ಮ ವಾಲಲಿಲ್ಲ. ತಲೆ ಸ್ವಲ್ಪ ಓರೆ ಮಾಡಿಕೊಂಡು, ಪರಿಚಯದವರ ಮನೆಗೆ ಹೊರಟವಳ ಹಾಗೆ ನಿಧಾನವಾಗಿ ಸೈಕಲ್ಲುಗಳ ಮೇಲೆ ಹೋದಳು, ಹಾಸುಬಟ್ಟೆ ದಾಟಿದಳು. ಗುಲಾಬಿ ಚಾಲಕಿ ತನ್ನ ಒಂಟಿ ಕೋಣೆಯಲ್ಲಿ ಬಿಸಿಲಿಗೆ ಮಿಂಚಿದಳು. ನೀರಿನ ಟ್ಯಾಂಕಿನ ಹೊಟ್ಟೆಗೆ ಮೂತಿ ತಾಗಿಸಿ, ಪಕ್ಕದ ಹುಲ್ಲಿನ ಮೇಲೆ ಇಳಿದಳು. ಕೆಳಗಿದ್ದ ಹೆಂಗಸು ಲೋಟವನ್ನು ಗೋಡೆಯ ಮೇಲಿಟ್ಟು ಚಪ್ಪಾಳೆ ತಟ್ಟಿದಳು.

"ಭುಜ ಕೂತಿದೆ," ಎಂದರು ಅತ್ತೆ ತಮಗೆ ತಾವೇ ಎಂಬಂತೆ. ಮುಖ ಅರಳಿತ್ತು. ಆಮೇಲೆ ಪಂದ್ಯ ನೆನಪಾಯಿತು. "ಆಯ್ತು. ಮಾತು ಅಂದ್ರೆ ಮಾತು. ಬಾಲ್ಕನಿ ನಿಂದೇ." ಒಳಗೆ ಹೋಗಿ ಹಾಲ್‌ನ ಮೂಲೆಯಲ್ಲಿ ಮಷೀನಿನ ಹೊದಿಕೆ ಸರಿಮಾಡಿ ಕೂತರು.

ಗೆದ್ದ ಬಾಲ್ಕನಿಯಲ್ಲಿ ಸೊಸೆ ಒಬ್ಬಳೇ ನಿಂತಳು. ಬೆಳಕು ಮೇಜಿನ ತುಂಬ ಚೆಲ್ಲಿತ್ತು. ತಾನು ಇದನ್ನು ಗೆದ್ದದ್ದು ಯಾರ ಕಣ್ಣಿನಿಂದ ಎಂದು ಯೋಚಿಸಿದಳು. ಆ ಕಣ್ಣಿಗೇ ಈಗ ಸೂಜಿ ಕಾಣುತ್ತಿಲ್ಲ. ತನ್ನ ಒಂಟಿ ಕೋಣೆ ತನಗೆ ಬೇಕು, ಅದು ಸುಳ್ಳಲ್ಲ. ಆದರೆ ಎಂಜಿನ್ನಿಲ್ಲದೆ ಕೋಣೆಯೊಂದೇ ಎಲ್ಲಿಗೆ ಹಾರೀತು?

ಗಂಡನನ್ನು ಕರೆದು, ಮಷೀನನ್ನು ಬಾಲ್ಕನಿಗೆ ತರೋಣ, ಆ ಕಡೆ ಹಿಡಿಯಿರಿ ಎಂದಳು. ಅವನು ಮೊದಲು ಅಳತೆಯ ಟೇಪು ತಂದ. ಬಾಲ್ಕನಿಯ ನಟ್ಟನಡುವೆ ಸೀಮೆಸುಣ್ಣದ ಗೆರೆ ಎಳೆದ. ಈ ಅರ್ಧ ಅಮ್ಮನದು, ಆ ಅರ್ಧ ನಿಂದು, ಯಾರೂ ಜಗಳ ಆಡೋ ಹಾಗಿಲ್ಲ ಎಂದ. ಮಷೀನು ಇಟ್ಟರೆ ಗೆರೆ ದಾಟಿತು. ಮೇಜು ಇಟ್ಟರೆ ಅತ್ತೆಯ ಕಾಲಿಗೆ ಜಾಗವಿಲ್ಲ. ತಿರುಗಿಸಿದರು, ಮತ್ತೆ ತಿರುಗಿಸಿದರು. ಅವರ ಒದ್ದಾಟ ನೋಡುತ್ತ ಬಂದು ನಿಂತ ಅತ್ತೆ ಸೊಸೆಯ ಮುಖ ನೋಡಿದರು, ಸೊಸೆ ಅತ್ತೆಯ ಮುಖ ನೋಡಿದಳು. ಇಬ್ಬರಿಗೂ ಒಟ್ಟಿಗೇ ನಗು ಬಂತು.

"ಅಳಿಸ್ರೀ ಆ ಗೆರೆ," ಎಂದಳು ಸೊಸೆ.

ಕಂಬಿಯ ಕಡೆಯ ದೊಡ್ಡ ಭಾಗಕ್ಕೆ ಮಷೀನು ಹೋಯಿತು. ಮೇಜು ಅಡ್ಡ ತಿರುಗಿ ಮೂಲೆಗೆ ಒತ್ತಿಕೊಂಡಿತು, ಅವಳ ಕುರ್ಚಿಯ ಹಿಂಗಾಲು ಎರಡೂ ಹಾಲ್‌ನಲ್ಲೇ ಉಳಿದವು. ನೋಡಲು ಚೆನ್ನಾಗಿರಲಿಲ್ಲ, ಆದರೆ ಕೂತಿತು. ಬೆಳಕು ಇಬ್ಬರ ಕೈ ಮೇಲೂ ಬೀಳುತ್ತಿತ್ತು.

ಅತ್ತೆ ಮಷೀನಿಗೆ ಎಣ್ಣೆ ಬಿಟ್ಟು, ಚಕ್ರ ತಿರುಗಿಸಿ ಶಬ್ದ ಆಲಿಸಿದರು. ಹಳೆಯ ಕೋಟುಗಳ ಒಳಬಟ್ಟೆಯ ಚೂರುಗಳನ್ನು ಪೆಟ್ಟಿಗೆಯಿಂದ ತೆಗೆದು ಬೆಳಕಿಗೆ ಹಿಡಿದರು. ಇಷ್ಟು ವರ್ಷ ಗಿರಾಕಿ ಹೇಳದೆ ಒಂದು ಹೊಲಿಗೆಯನ್ನೂ ಹಾಕಿದವಳಲ್ಲ ತಾನು ಎಂದು ಹೇಳುತ್ತ ಆ ಚೂರುಗಳನ್ನು ಮಡಿಲಲ್ಲಿ ಹರವಿಕೊಂಡರು. ಅಷ್ಟರಲ್ಲಿ ಸೊಸೆ ಹೊಸ ಹಾಳೆ ತೆಗೆದು ಹೊಸದೊಂದು ವಿಮಾನ ಶುರು ಮಾಡಿದ್ದಳು. ಈ ಸಲ ಎರಡು ತೋಳು, ಎರಡು ಕೋಣೆ, ಒಂದು ದೊಡ್ಡದು ಒಂದು ಚಿಕ್ಕದು.

ಅತ್ತೆ ಕತ್ತು ಚಾಚಿ ನೋಡಿದರು.

"ಇದರ ರೆಕ್ಕೆಗೆ ನಾನು ಬಟ್ಟೆ ಹಾಕ್ತೀನಿ. ಅಳತೆ ಕೊಡು," ಎಂದು ದಾರ ಪೋಣಿಸಿದರು. "ಎಡದ್ದು ಬೇರೆ, ಬಲದ್ದು ಬೇರೆ ಕೊಡು. ಎರಡಕ್ಕೂ ಒಂದೇ ಕೊಟ್ಟರೆ ಹೊಲಿಯಲ್ಲ, ಈಗಲೇ ಹೇಳಿದೀನಿ."