ಅನುಬಂಧ ನಾಲ್ಕು

ಪ್ರೊಫೆಸರ್ ಬಳಿ ಒಂದು ತೀರ್ಪು ಇರಲಿಲ್ಲ. ಕ್ರಿಪ್ಟೊ ನಾಣ್ಯಗಳನ್ನು ಕಾನೂನಿನ ಹಿಡಿತಕ್ಕೆ ತರುವುದು ಹೇಗೆಂದು ಆಕೆ ಒಂಬತ್ತು ವರ್ಷ ಸಂಶೋಧನೆ ಮಾಡಿದ್ದಳು. ಕಾಲೇಜಿನ ಅವಳ ಕೋಣೆಯಲ್ಲಿ ಕಡತಗಳು ಬೆಳೆದು ಅರ್ಧ ಕಿಟಕಿ ಮುಚ್ಚಿದ್ದವು. ಆಕೆ ಬರೆಯುತ್ತಿದ್ದ ಪುಸ್ತಕದ ಆರು ಅಧ್ಯಾಯ ಮುಗಿದಿದ್ದವು. ಏಳನೆಯದಕ್ಕೆ, ಇಂಥ ನಾಣ್ಯವೂ ಆಸ್ತಿಯೇ ಎಂದು ಹೇಳುವ ಒಂದು ತೀರ್ಪು ಬೇಕಿತ್ತು. ದೇಶದ ಯಾವ ನ್ಯಾಯಾಲಯವೂ ಅದನ್ನು ಹೇಳಿರಲಿಲ್ಲ.

ಹಾಗಿರುವಾಗ ತಂಗಿಯ ಗಂಡ ಸತ್ತ. ಲಿಫ್ಟ್ ರಿಪೇರಿ ಮಾಡುತ್ತಿದ್ದವನು. ಹತ್ತು ವರ್ಷದ ಹಿಂದೆ ಅಗ್ಗಕ್ಕೆ ಕೊಂಡ ಹದಿನಾಲ್ಕು ನಾಣ್ಯಗಳನ್ನು, ಹೆಂಡತಿ ಎಷ್ಟು ಹಂಗಿಸಿದರೂ ಮಾರಿರಲಿಲ್ಲ. ಈಗ ಅವುಗಳ ಬೆಲೆ ತಂಗಿಯಿದ್ದ ಬಾಡಿಗೆ ಮನೆಯನ್ನೇ ಕೊಳ್ಳುವಷ್ಟು ಏರಿತ್ತು. ಮನೆ ಮಾಲೀಕ ಅವಳಿಗೇ ಮಾರಲು ಒಪ್ಪಿ, ಮುಂಗಡ ಇಸಕೊಂಡು ಉಳಿದ ಹಣಕ್ಕೆ ಎರಡು ತಿಂಗಳ ಗಡುವು ಕೊಟ್ಟಿದ್ದ.

ತಂಗಿ ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ನೇರವಾಗಿ ಅಕ್ಕನ ಕೋಣೆಗೆ ಬಂದು ಒಂದು ಚೀಟಿಯನ್ನು ಮೇಜಿನ ಮೇಲಿಟ್ಟಳು. ಯಾವುದೋ ರಸೀದಿಯ ಹಿಂಬದಿ, ಗಂಡನ ಕೈಬರಹದಲ್ಲಿ ಹನ್ನೆರಡು ಪದ. ಆ ಪದಗಳನ್ನು ಅದೇ ಕ್ರಮದಲ್ಲಿ ಬಲ್ಲವನೇ ನಾಣ್ಯಗಳ ಒಡೆಯ. ರುಜು ಬೇಡ, ಸಾಕ್ಷಿ ಬೇಡ.

"ಇದನ್ನ ಫೋನಲ್ಲಿ ಒತ್ತಿದ್ರೆ ಆಯ್ತಂತಲ್ಲ ಅಕ್ಕ? ಒತ್ತು, ಮಾರ್ಬಿಡೋಣ."

"ನಿನ್ನ ಗಂಡನ ಅಣ್ಣ ಅರ್ಧ ನಂದು ಅಂತಿದ್ದಾನಲ್ಲ? ನಾಳೆ ಕೇಸ್ ಹಾಕಿದ್ರೆ? ನಾವೇ ಮೊದಲು ಕೋರ್ಟಿಗೆ ಹೋಗೋಣ. ನೀನೇ ವಾರಸುದಾರಳು ಅಂತ ಆದೇಶ ತಗೊಳ್ಳೋಣ."

"ಭಾವಂದು ಬರೀ ಬಾಯಿ, ಬಿಡು. ಇದು ನಂಗೆ ಬೇಕಾ, ನಿನ್ನ ಪುಸ್ತಕಕ್ಕೆ ಬೇಕಾ?"

ಪ್ರೊಫೆಸರ್ ನಕ್ಕಳು. "ಇಬ್ಬರಿಗೂ ಬೇಕು ಕಣೆ."

"ಚಿಕ್ಕವಳಿದ್ದಾಗ ಬಳಪ ಹಂಚೋಕೂ ನೀನು ಪಂಚಾಯ್ತಿ ಕೂರಿಸ್ತಿದ್ದೆ," ಎಂದು ತಂಗಿ ಚೀಟಿ ಬಿಟ್ಟು ಹೋದಳು.

ಅರ್ಜಿಯನ್ನು ಪ್ರೊಫೆಸರೇ ಬರೆದಳು. ಆಸ್ತಿಗೆ ಪುರಾವೆಯೆಂದರೆ ಆ ಚೀಟಿಯೊಂದೇ. ಅದರ ಪ್ರತಿಯಲ್ಲಿ ಪದಗಳ ಮೇಲೆ ಕಪ್ಪು ಬಳಿದು, ಅನುಬಂಧ ನಾಲ್ಕು ಎಂದು ಬರೆದು ಲಗತ್ತಿಸಿದಳು. ನ್ಯಾಯಾಲಯದ ಕೌಂಟರಿನಲ್ಲಿ ಗುಮಾಸ್ತ ಆ ಹಾಳೆಯನ್ನು ಬೆಳಕಿಗೆ ಹಿಡಿದ.

"ಇದೇನ್ ಮೇಡಂ, ಮಸಿ ಬಳ್ಕೊಂಡ್ ಬಂದಿದೀರಾ? ಓದಕ್ಕಾಗದೇ ಇರೋದನ್ನ ತಗೊಳ್ಳಲ್ಲ. ಮುಚ್ಚಿದ ಲಕೋಟೇಲಿ ಕೊಡ್ಬೇಕಂದ್ರೆ ಬೇರೆ ಅರ್ಜಿ ಹಾಕಿ. ಆರು ವಾರ ಆಗುತ್ತೆ."

ಆರು ವಾರ ಕಾದರೆ ನ್ಯಾಯಾಲಯಕ್ಕೆ ರಜೆ ಬರುತ್ತಿತ್ತು, ಪ್ರಕಾಶಕರು ಕೊಟ್ಟ ದಿನವೂ ಮೀರುತ್ತಿತ್ತು. ಇಪ್ಪತ್ತು ವರ್ಷ ಪಾಠ ಮಾಡಿದ್ದಳು. ಅಂಕ ಕಳೆಯುತ್ತೇನೆಂದು ತಾನು ಹೆದರಿಸದಿದ್ದರೂ ಅನುಬಂಧ ಓದಿದ ಒಂದು ನರಪಿಳ್ಳೆಯನ್ನೂ ಕಂಡಿರಲಿಲ್ಲ. ಚೀಲದಿಂದ ಮಸಿಯಿಲ್ಲದ ಪ್ರತಿ ತೆಗೆದುಕೊಟ್ಟಳು. ಗುಮಾಸ್ತ ಠಸ್ಸೆ ಒತ್ತಿ ಸ್ಕ್ಯಾನ್ ಮಾಡಿದ. ಸಂಜೆ ನಾಲ್ಕಕ್ಕೆ ಅರ್ಜಿ ಅನುಬಂಧಗಳ ಸಮೇತ ನ್ಯಾಯಾಲಯದ ಜಾಲತಾಣಕ್ಕೆ ಏರಿತು. ಹಾಗೆ ಏರಿಸುತ್ತಾರೆಂದು ಆಕೆಗೆ ಗೊತ್ತಿತ್ತು. ಎರಡನೇ ಅಧ್ಯಾಯದಲ್ಲಿ ಆ ಪಾರದರ್ಶಕತೆಯನ್ನು ಹೊಗಳಿದ್ದಳು.

ಮರುದಿನ ಪಾಠಕ್ಕೆ ಮುಂಚೆ, ಇಂಥ ನಾಣ್ಯಗಳು ಕೈ ಬದಲಾದದ್ದನ್ನೆಲ್ಲ ಯಾರು ಬೇಕಾದರೂ ನೋಡಬಹುದಾದ ಸಾರ್ವಜನಿಕ ದಾಖಲೆಯನ್ನು ಫೋನಿನಲ್ಲಿ ತೆರೆದಳು. ಹಿಂದಿನ ಸಂಜೆ ನಾಲ್ಕು ಗಂಟೆ ಹನ್ನೊಂದು ನಿಮಿಷಕ್ಕೆ ಹದಿನಾಲ್ಕೂ ಬೇರೊಂದು ಖಾತೆಯ ವಿಳಾಸಕ್ಕೆ ಹೋಗಿದ್ದವು. ವಿಳಾಸ ತೆರೆಯ ಮೇಲೆ ಅಕ್ಷರ ಅಕ್ಷರವಾಗಿ ಕಾಣುತ್ತಿತ್ತು. ಅದು ಯಾರದೆಂಬುದು ಎಲ್ಲೂ ಇರಲಿಲ್ಲ.

ಪಾಠ ಬಿಟ್ಟು ಕನ್ನಡಕದ ಅಂಗಡಿಗೆ ಹೋದಳು. ನಡೆದದ್ದನ್ನು ಹೇಳಿದಳು. ತಂಗಿ ಒಂದು ಗಾಜು ಒರೆಸುತ್ತಲೇ ಇದ್ದಳು.

"ಯಾರು ತಗೊಂಡ್ರು?"

"ಗೊತ್ತಾಗಲ್ಲ."

"ವಾಪಸ್ ಕೊಡಿಸೋಕೆ ನಿನ್ನ ಕಾನೂನಿದೆಯಲ್ಲ?"

"ಅದು ಇನ್ನೂ ಬಂದಿಲ್ಲ ಕಣೆ."

"ಸರಿ, ಹೋಗು. ಗಿರಾಕಿ ಕಾಯ್ತಿದಾರೆ."

ಹಂಚಲು ಏನೂ ಉಳಿದಿಲ್ಲವೆಂದು ನ್ಯಾಯಾಧೀಶರು ಒಂದೇ ಸಾಲಿನಲ್ಲಿ ಅರ್ಜಿ ಮುಗಿಸಿದರು. ನಾಣ್ಯ ಆಸ್ತಿಯೋ ಅಲ್ಲವೋ ಎಂಬ ಮಾತಿಗೇ ಹೋಗಲಿಲ್ಲ. ಗಡುವು ಮುಗಿದ ವಾರ ಮಾಲೀಕ ಮನೆಯನ್ನು ಬೇರೆಯವರಿಗೆ ಮಾರಿದ.

ಹೋದದ್ದು ಹದಿನಾಲ್ಕು ನಾಣ್ಯ, ಎರಡು ಕೋಣೆಯ ಒಂದು ಮನೆ, ಮುಂಗಡವಾಗಿ ಕೊಟ್ಟಿದ್ದ ತಂಗಿಯ ಮೂರು ತಿಂಗಳ ಸಂಬಳ.